ಬಿಟ್ಟಿಯಾಳಿಗೆ ಆತ್ಮವೇಕೆ?

'ಆತ್ಮವಿಲ್ಲದ ಪಾತ್ರಗಳು' ಎಂಬ ಮಾತು ನಮ್ಮ ಮುಂಬಯಿ ಕನ್ನಡಿಗರ ಸಭೆ ಸಮಾರಂಭಗಳಲ್ಲಿ ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ರೋಬೋಟು, ಹೆಣದ ತುಂಡುಗಳನ್ನು ಜೋಡಿಸಿ ಮಾಡಿದ ದೈತ್ಯ, ಮೀನುಬಾಲದ ಕನ್ನಿಕೆ, ಇವೆಲ್ಲ ಪಶ್ಚಿಮದವರ ಸೃಷ್ಟಿ, ಇವಕ್ಕೆ ಆತ್ಮವಿಲ್ಲ, ಆತ್ಮವಿಲ್ಲದವರ ಕಥೆ ಓದಿದ ಮಕ್ಕಳು ಕಲ್ಲುಮನಸ್ಸಿನವರಾಗುತ್ತಾರೆ, ಆದುದರಿಂದ ವಾಚನಾಲಯದ ಮಕ್ಕಳ ಕಪಾಟಿನಲ್ಲಾಗಲಿ, ವಾರ್ಷಿಕೋತ್ಸವದ ರಂಗದ ಮೇಲಾಗಲಿ ಇವಕ್ಕೆ ಜಾಗ ಕೂಡದು ಎಂಬುದು ವಾದ. ವಾದಿಸುವವರು ವಿದ್ಯಾವಂತರು, ಸಂಘಕ್ಕಾಗಿ ದುಡಿದವರು. ಅವರಲ್ಲಿ ನಮಗೆ ಗೌರವವಿದೆ. ಅವರ ವಾದದಲ್ಲಿ ಮಾತ್ರ ಎಳ್ಳಷ್ಟೂ ಇಲ್ಲ.

ನಾವು ಸಾಹಿತ್ಯ ವಿಮರ್ಶಕರಲ್ಲ. ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವವರು. ಫೈಲು ಮೇಜಿಗೆ ಬಂದರೆ ನಾವು ಮೊದಲು ನೋಡುವುದು ಷರಾ ಬರೆದವರು ಯಾರು, ಸಹಿ ಯಾರದು ಎಂದು. ಅದೇ ಅಭ್ಯಾಸಬಲದಿಂದ ಈ ಕಥೆಗಳನ್ನೂ ನೋಡಿದೆವು. 'ಇವನಿಗೆ ಆತ್ಮವಿಲ್ಲ' ಎಂಬ ಷರಾ ಬರೆದವರು ಯಾರು? ಆ ಷರಾದಿಂದ ಅವರಿಗೆ ಆಗುವ ಲಾಭವೇನು? ಇಷ್ಟು ಕೇಳಿದರೆ ಮಿಕ್ಕದ್ದು ತಾನಾಗಿ ತಿಳಿಯುತ್ತದೆ.

ಮೊದಲು ರೋಬೋಟನ್ನೇ ತೆಗೆದುಕೊಳ್ಳೋಣ. ದೂರು ಹೆಚ್ಚಾಗಿರುವುದು ಅದರ ಮೇಲೆಯೇ. ಆ ಪದ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ನಾಟಕದಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ಎಂಬ ನಾಟಕ ಮರುವರ್ಷ ಜನವರಿಯಲ್ಲಿ ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಪ್ರಯೋಗವಾಯಿತು. ಪದ ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. 'ರೋಬೊಟಾ' ಎಂದರೆ ಆ ಸೀಮೆಯ ರೈತ ತನ್ನ ಜಮೀನ್ದಾರನಿಗೆ ಕೂಲಿಯಿಲ್ಲದೆ ಕಡ್ಡಾಯವಾಗಿ ಮಾಡಿಕೊಡಬೇಕಾಗಿದ್ದ ದುಡಿಮೆ. 1848ರಲ್ಲಿ ಅದು ಅಲ್ಲಿ ರದ್ದಾಯಿತು. ಕನ್ನಡದಲ್ಲಿ ಇದಕ್ಕೆ ಅಚ್ಚುಕಟ್ಟಾದ ಮಾತು ಶತಮಾನಗಳಿಂದ ಇದೆ: ಬಿಟ್ಟಿ. ಊರಗೌಡರ ಮನೆಗೆ, ಅಮಲ್ದಾರರ ಕ್ಯಾಂಪಿಗೆ ಬಿಟ್ಟಿ ಹೋದ ಅಜ್ಜಂದಿರ ಕಥೆ ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ಆದರೂ ನಮ್ಮ ಪಂಡಿತರು ರೋಬೋಟಿಗೆ 'ಯಂತ್ರಮಾನವ' ಎಂದು ಹೆಸರಿಟ್ಟರು. 'ಬಿಟ್ಟಿಯಾಳು' ಎಂದಿಟ್ಟಿದ್ದರೆ ಈ ಚರ್ಚೆಯೇ ಬರುತ್ತಿರಲಿಲ್ಲವೇನೋ. ಯಂತ್ರಮಾನವನಿಗೆ ಆತ್ಮವಿಲ್ಲ ಎಂದರೆ ಎಲ್ಲರೂ ತಲೆದೂಗುತ್ತೇವೆ. ಬಿಟ್ಟಿಯಾಳಿಗೆ ಆತ್ಮವಿಲ್ಲ ಎಂದು ಸಭೆಯಲ್ಲಿ ಒಮ್ಮೆ ಹೇಳಿ ನೋಡಿ ಸ್ವಾಮಿ!

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಹಾಕಬೇಕು. ಚಾಪೆಕ್‌ನ ರೋಬೋಟುಗಳು ತಗಡು, ತಿರುಪುಗಳಿಂದ ಮಾಡಿದವಲ್ಲ. ಕಾರ್ಖಾನೆಯ ತೊಟ್ಟಿಗಳಲ್ಲಿ ಹಿಟ್ಟಿನಂತೆ ಕಲಸಿದ ಮಾಂಸ, ನೂಲಿನಂತೆ ನೂತ ನರಗಳು. ನೋಡುವುದಕ್ಕೆ ಥೇಟು ಮನುಷ್ಯರೇ. ಈ ರೋಬೋಟುಗಳ ಪರವಾಗಿ ವಾದಿಸಬೇಕೆಂದು ಹೆಲೆನಾ ಎಂಬ ಯುವತಿ ಆ ದ್ವೀಪಕ್ಕೆ ಬರುತ್ತಾಳೆ. ಜನರಲ್ ಮ್ಯಾನೇಜರ್ ಡೊಮಿನ್ ಎಂಬವನ ಕೋಣೆಯಲ್ಲಿ ಸುಲ್ಲಾ ಎಂಬ ಹುಡುಗಿ ಟೈಪು ಮಾಡುತ್ತಿದ್ದಾಳೆ. (ಜಗತ್ತಿನ ಮೊದಲ ರೋಬೋಟುಗಳಲ್ಲಿ ಒಬ್ಬಳು ಟೈಪಿಸ್ಟ್! ನಮ್ಮ ಸೆಕ್ಷನ್ನಿನಲ್ಲಿ ಇದನ್ನು ಹೇಳಿದಾಗ ಒಬ್ಬರೂ ಆಶ್ಚರ್ಯಪಡಲಿಲ್ಲ.) ಹೆಲೆನಾ ಅವಳನ್ನು ಮನುಷ್ಯಳೆಂದೇ ನಂಬುತ್ತಾಳೆ, ಅಲ್ಲವೆಂದರೂ ಒಪ್ಪುವುದಿಲ್ಲ. ಹಾಗಾದರೆ ಇವಳನ್ನು ಕೊಯ್ದೇ ತೋರಿಸೋಣ ಎಂದು ಡೊಮಿನ್ ಹೊರಡುತ್ತಾನೆ. ಸುಲ್ಲಾ ಬೇಡವೆನ್ನುವುದಿಲ್ಲ, ಬೇಡವೆನ್ನಲು ಅವಳಿಗೆ ಕಲಿಸಿಲ್ಲ. ಬೆಚ್ಚಿಬಿದ್ದು ತಡೆಯುವವಳು ಹೆಲೆನಾ. ಸ್ವಲ್ಪ ಹೊತ್ತಿಗೆ ಕಾರ್ಖಾನೆಯ ದೊಡ್ಡ ಅಧಿಕಾರಿಗಳು ಒಳಗೆ ಬಂದಾಗ ಅವಳು ಅವರನ್ನೇ ರೋಬೋಟುಗಳೆಂದು ಭಾವಿಸಿ, ನಿಮಗೆ ಅನ್ಯಾಯವಾಗುತ್ತಿದೆ ಎಂದು ಭಾಷಣಕ್ಕೆ ತೊಡಗುತ್ತಾಳೆ. ಪ್ರೇಕ್ಷಕರು ನಕ್ಕಿರಬೇಕು. ಟೈಪಿಸ್ಟಳಲ್ಲಿ ಕಂಡ ಮನುಷ್ಯತನ ಮ್ಯಾನೇಜರುಗಳಲ್ಲಿ ಕಾಣಲಿಲ್ಲವೆಂಬುದು ಆ ನಗುವಿನ ಒಳಗಿನ ಮಾತು.

ಈ ಡೊಮಿನ್ ಮಹಾಶಯನೇ ಷರಾ ಬರೆದವನು. ರೋಬೋಟಿಗೆ ಬುದ್ಧಿಯಿದೆ, ನೆನಪಿನ ಶಕ್ತಿಯಿದೆ, ಆತ್ಮ ಮಾತ್ರ ಇಲ್ಲ ಎಂದು ಸಾರುವುದು ಅವನು. ಏಕಿಲ್ಲ? ಸಂತೋಷಪಡುವುದು, ಪಿಟೀಲು ಬಾರಿಸುವುದು, ಸುಮ್ಮನೆ ತಿರುಗಾಡಲು ಹೋಗಬೇಕೆನಿಸುವುದು, ಇವು ನೇಯುವವನಿಗಾಗಲಿ ಲೆಕ್ಕ ಕೂಡಿಸುವವನಿಗಾಗಲಿ ಬೇಕಿಲ್ಲವೆಂದು ಎಂಜಿನಿಯರು ತೆಗೆದುಹಾಕಿದ್ದಾನೆ. ಅಂಥ ಒಬ್ಬ ಎರಡೂವರೆ ಆಳಿನ ಕೆಲಸ ಮಾಡುತ್ತಾನಂತೆ. ಇವರಿಗೊಂದು ಆತ್ಮ ಮಾಡಿಕೊಡಬಾರದೇಕೆ ಎಂದು ಹೆಲೆನಾ ಕೇಳಿದಾಗ ಅಧಿಕಾರಿಗಳ ಉತ್ತರ ಶಕ್ತಿಯ ಪ್ರಶ್ನೆಯಿಂದ ಹೊರಟು, ಕಂಪನಿಯ ಹಿತದ ಪ್ರಶ್ನೆಗೆ ಬಂದು, ಉತ್ಪಾದನಾ ವೆಚ್ಚದಲ್ಲಿ ನಿಲ್ಲುತ್ತದೆ. ಟೆಂಡರು ಫೈಲು ನೋಡಿದ ಯಾರಿಗೂ ಈ ಕ್ರಮ ಹೊಸದಲ್ಲ. ಅತ್ಯಂತ ಭಯಂಕರವಾದ ವಿವರ ಇನ್ನೊಂದಿದೆ. ನೋವು ತಿಳಿಯದ ರೋಬೋಟುಗಳು ಕೈ ಕಾಲು ಹಾಳುಮಾಡಿಕೊಳ್ಳುತ್ತವೆ, ಕಂಪನಿಗೆ ನಷ್ಟವಾಗುತ್ತದೆ. ಆದುದರಿಂದ ಡಾಕ್ಟರ್ ಗಾಲ್ ಎಂಬಾತ ಅವಕ್ಕೆ ನೋವಿನ ನರ ಅಳವಡಿಸಲು ಪ್ರಯೋಗ ನಡೆಸಿದ್ದಾನೆ. ಸಂತೋಷ ದುಬಾರಿಯ ಬಾಬು, ನೋವು ಉಳಿತಾಯದ ಬಾಬು! ನಮ್ಮ ವಿರೋಧಿಗಳು ಹೇಳುವ 'ಪಶ್ಚಿಮದ ಶೂನ್ಯ' ಇದೇ ಆಗಿದ್ದರೆ, ಅದನ್ನು ಚಾಪೆಕ್ ಹೊಗಳಲಿಲ್ಲ, ಹಿಡಿದು ತೋರಿಸಿದ.

ಮುಂದಿನದು ಬೇಗ ಹೇಳಬಹುದು. ರೋಬೋಟುಗಳು ದಂಗೆಯೆದ್ದು ಮನುಷ್ಯರನ್ನೆಲ್ಲ ಕೊಲ್ಲುತ್ತವೆ. ಉಳಿಯುವವನು ಆಲ್ಕ್ವಿಸ್ಟ್ ಒಬ್ಬನೇ, ಕಟ್ಟಡದ ಮೇಸ್ತ್ರಿ. ಅವನು ತಮ್ಮಂತೆ ಕೈಯಿಂದ ದುಡಿಯುತ್ತಾನೆಂದು ಉಳಿಸುತ್ತವೆ. ರೋಬೋಟು ಮಾಡುವ ಗುಟ್ಟಿನ ಕಾಗದ ಸುಟ್ಟುಹೋಗಿದೆ. ಅದನ್ನು ಮತ್ತೆ ಕಂಡುಹಿಡಿಯಲು ಒಂದು ದೇಹವನ್ನು ಕೊಯ್ಯಬೇಕು. ಪ್ರೈಮಸ್ ಎಂಬ ರೋಬೋಟು ಮತ್ತು ಹೆಲೆನಾಳ ರೂಪದಲ್ಲಿ ಮಾಡಿದ ಇನ್ನೊಂದು ರೋಬೋಟು ಎದುರಿಗಿವೆ. ಅವಳನ್ನು ಕೊಯ್ಯುತ್ತೇನೆಂದರೆ ಇವನು ತನ್ನನ್ನು ಕೊಯ್ಯಿ ಎನ್ನುತ್ತಾನೆ, ಇವನನ್ನೆಂದರೆ ಅವಳು ತನ್ನನ್ನು ಎನ್ನುತ್ತಾಳೆ. ಮೇಸ್ತ್ರಿ ಕತ್ತಿ ಇಡುತ್ತಾನೆ. ಮೊದಲ ದೃಶ್ಯದಲ್ಲಿ ಸುಲ್ಲಾಳನ್ನು ಕೊಯ್ಯಲು ಹೊರಟ ಆತ್ಮವಂತರನ್ನೂ ಕೊನೆಯ ದೃಶ್ಯದ ಈ ಆತ್ಮಹೀನರನ್ನೂ ಪಕ್ಕಪಕ್ಕದಲ್ಲಿ ನೋಡಿದ ಮಗುವಿನ ಮನಸ್ಸು ಕಲ್ಲಾಗುತ್ತದೆ ಎನ್ನುವವರು ನಾಟಕ ಓದಿಲ್ಲ ಎಂದೇ ನಮ್ಮ ಖಚಿತ ಅಭಿಪ್ರಾಯ.

ಇದು ಬರೀ ಕಟ್ಟುಕಥೆಯೆಂದು ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕಾ ಖಂಡದ ಮೂಲನಿವಾಸಿಗಳು ನಿಜವಾದ ಮನುಷ್ಯರೇ, ಅವರನ್ನು ಗುಲಾಮರನ್ನಾಗಿ ಮಾಡಬಾರದು ಎಂದು ಪೋಪ್ 3ನೆಯ ಪಾಲ್ 1537ರಲ್ಲಿ ಆಜ್ಞಾಪತ್ರ ಹೊರಡಿಸಬೇಕಾಯಿತು. ಅದಕ್ಕೂ ಆಜ್ಞಾಪತ್ರ ಬೇಕಾಯಿತೆಂದರೆ ಅವರ ಮನುಷ್ಯತ್ವವನ್ನು ಅಲ್ಲಗಳೆಯುವುದರಿಂದ ಎಷ್ಟು ಜನರ ಗಣಿ, ಎಷ್ಟು ಜನರ ತೋಟ ನಡೆಯುತ್ತಿದ್ದಿರಬೇಕು, ಯೋಚಿಸಿ.

ಮೀನುಕನ್ನಿಕೆಯ ಕಥೆಗೆ ಬರೋಣ. ಡೆನ್ಮಾರ್ಕಿನ ಹಾನ್ಸ್ ಆಂಡರ್ಸನ್ ಇದನ್ನು ಪ್ರಕಟಿಸಿದ್ದು 1837ರಲ್ಲಿ. ಇಲ್ಲಿ ಷರಾ ಬರೆದವಳು ಹುಡುಗಿಯ ಸ್ವಂತ ಅಜ್ಜಿ: ನಮಗೆ 300 ವರ್ಷ ಆಯುಸ್ಸು, ಆಮೇಲೆ ಕಡಲ ನೊರೆ; ಅಮರವಾದ ಆತ್ಮ ಮನುಷ್ಯರಿಗೆ ಮಾತ್ರ. ಮನುಷ್ಯನೊಬ್ಬ ಮನಸಾರೆ ಮೆಚ್ಚಿ ಮದುವೆಯಾದರೆ ಅವಳಿಗೂ ಒಂದು ಪಾಲು ಸಿಕ್ಕೀತು. ಹುಡುಗಿ ತನ್ನ ನಾಲಗೆಯನ್ನೇ ಮಾಟಗಾತಿಗೆ ಕೊಟ್ಟು ಕಾಲು ಪಡೆಯುತ್ತಾಳೆ. ಹೆಜ್ಜೆ ಹೆಜ್ಜೆಗೂ ಕತ್ತಿಯ ಮೇಲೆ ನಡೆದ ನೋವು. ಅವಳು ಮುಳುಗದಂತೆ ಕಾಪಾಡಿದ್ದ ರಾಜಕುಮಾರ ಅವಳನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾನೆ. ಹೇಗೆ? ತನ್ನ ಕೋಣೆಯ ಬಾಗಿಲ ಹೊರಗೆ ಮಖಮಲ್ಲಿನ ದಿಂಬಿನ ಮೇಲೆ ಮಲಗಲು ಅಪ್ಪಣೆ ಕೊಟ್ಟು. ಆಮೇಲೆ ಬೇರೊಬ್ಬ ರಾಜಕುಮಾರಿಯನ್ನು ಮದುವೆಯಾಗುತ್ತಾನೆ. ಅಕ್ಕಂದಿರು ತಮ್ಮ ಕೂದಲನ್ನು ಕೊಟ್ಟು ಒಂದು ಕತ್ತಿ ತರುತ್ತಾರೆ. ಸೂರ್ಯ ಹುಟ್ಟುವ ಮುನ್ನ ಅವನ ಎದೆಗೆ ಚುಚ್ಚಿದರೆ ಅವಳು ಬದುಕಿಕೊಳ್ಳುತ್ತಾಳೆ. ಅವಳು ಕತ್ತಿಯನ್ನು ಸಮುದ್ರಕ್ಕೆ ಎಸೆದು ತಾನೂ ಹಾರುತ್ತಾಳೆ. ನೊರೆಯಾಗಬೇಕಾದವಳು ಗಾಳಿಯ ಮಗಳಾಗುತ್ತಾಳೆ, 300 ವರ್ಷ ಸತ್ಕಾರ್ಯ ಮಾಡಿ ಆತ್ಮ ಸಂಪಾದಿಸಬೇಕು. (ಪ್ರೊಬೇಷನ್ ಅವಧಿ ಸ್ವಲ್ಪ ಹೆಚ್ಚೇ ಆಯಿತು.) ರಾಜಕುಮಾರನಿಗೆ ಆತ್ಮ ಹುಟ್ಟಿನಿಂದಲೇ ಬಂದಿತ್ತು, ವಂಶದ ಜಮೀನಿನಂತೆ. 1989ರ ಡಿಸ್ನಿ ಚಿತ್ರದಲ್ಲಿ ಈ ಆತ್ಮದ ವಿಷಯವನ್ನೇ ಕೈಬಿಟ್ಟು, ಮದುವೆ ಮಾಡಿಸಿ ಮುಗಿಸಿಬಿಟ್ಟರು. ನಮ್ಮ ಮಕ್ಕಳು ನೋಡುವುದು ಅದನ್ನು. ಆಕ್ಷೇಪಿಸುವುದಾದರೆ ಅದಕ್ಕೆ ಆಕ್ಷೇಪಿಸಿ.

ಬಾಗಿಲ ಹೊರಗಿನ ದಿಂಬು ಎಂದಾಗ ನಮಗೆ ನಮ್ಮ ಕಟ್ಟಡಗಳ ನೆನಪಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇವೆ.

ಇನ್ನು ಆ ದೈತ್ಯ. ಮೇರಿ ಶೆಲ್ಲಿಯ ಕಾದಂಬರಿ 1818ರಲ್ಲಿ ಬಂದಾಗ ಆಕೆಗೆ 20 ವರ್ಷ. ಫ್ರಾಂಕೆನ್‌ಸ್ಟೈನ್ ಎಂಬುದು ಮಾಡಿದವನ ಹೆಸರು. ಮಾಡಲ್ಪಟ್ಟವನಿಗೆ ಹೆಸರೇ ಇಲ್ಲ. ಕಣ್ಣು ಬಿಟ್ಟ ರಾತ್ರಿಯೇ ಮಾಡಿದವನು ಓಡಿಹೋದ, ನಾಮಕರಣ ಮಾಡುವವರಾರು? ಈ ಅನಾಮಧೇಯ ಕಾಡಿನ ಪಕ್ಕದ ಬಡ ಸಂಸಾರವೊಂದಕ್ಕೆ ರಾತ್ರಿ ಹೊತ್ತು ಕದ್ದುಮುಚ್ಚಿ ಸೌದೆ ಒಡೆದು ಇಡುತ್ತಾನೆ. ಗೋಡೆಯ ಬಿರುಕಿನಿಂದ ಕೇಳಿ ಕೇಳಿ ಮಾತು ಕಲಿಯುತ್ತಾನೆ, ಮಿಲ್ಟನ್ ಮತ್ತು ಪ್ಲುಟಾರ್ಕ್ ಓದುತ್ತಾನೆ. ಆ ಮನೆಯ ಕುರುಡು ಮುದುಕ ಅವನೊಡನೆ ಸೌಜನ್ಯದಿಂದ ಮಾತಾಡುತ್ತಾನೆ. ಕಣ್ಣಿದ್ದ ಮಗ ಬಂದವನೇ ಹೊಡೆಯುತ್ತಾನೆ. ನೀರಿಗೆ ಬಿದ್ದ ಹುಡುಗಿಯನ್ನು ಎತ್ತಿ ತಂದದ್ದಕ್ಕೆ ಗುಂಡೇಟು ಸಿಗುತ್ತದೆ. ಆಮೇಲೆ ಅವನು ಕೊಲೆಗಾರನಾದ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅವನಿಗೆ ಆತ್ಮವಿಲ್ಲವೆಂದು ಪುಸ್ತಕ ಹೇಳುವುದಿಲ್ಲ. ಅವನು ತನ್ನ ಆತ್ಮದ ವಿಚಾರ ತಾನೇ ಮಾತಾಡುತ್ತಾನೆ. ಮಾಡಿದವನು ಕೂಡ ಶಪಿಸುವಾಗ ಅವನ ಆತ್ಮ ನರಕದಂತಿದೆ ಎನ್ನುತ್ತಾನೆಯೇ ಹೊರತು ಇಲ್ಲವೆನ್ನುವುದಿಲ್ಲ. ಹಾಗಾದರೆ ಆತ್ಮ ಹೋದದ್ದೆಲ್ಲಿ? 1931ರ ಹಾಲಿವುಡ್ ಚಿತ್ರದಲ್ಲಿ ಅವನ ಬಾಯಿಂದ ಮಾತನ್ನೇ ಕಿತ್ತುಕೊಂಡು ಗುರುಗುಟ್ಟಲು ಬಿಟ್ಟರು. ಮಾತು ಹೋಯಿತು, ಜೊತೆಗೆ ಆತ್ಮವೂ ಹೋಯಿತು. ಮುಂಬಯಿಗೆ ಹೊಸದಾಗಿ ಬಂದು ಮರಾಠಿಯೂ ಬಾರದೆ ಹಿಂದಿಯೂ ಬಾರದೆ ಪೆದ್ದುಪೆದ್ದಾಗಿ ನಿಂತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೆ?

'ನಮ್ಮ ಸಂಸ್ಕೃತಿಯಲ್ಲಿ ಹಾಗಲ್ಲ, ನಾವು ಕಲ್ಲಿನಲ್ಲೂ ಆತ್ಮ ಕಾಣುವವರು' ಎಂಬ ಉತ್ತರ ಸಿದ್ಧವಾಗಿದೆ, ಗೊತ್ತು. ಅಜ್ಜಿ ಕಥೆಯ ರಾಕ್ಷಸನಿಗೂ ಪ್ರಾಣವಿದೆ, ಏಳು ಸಮುದ್ರದಾಚೆ ಗಿಳಿಯೊಳಗೆ ಇಟ್ಟಿದ್ದಾನೆ ಅಷ್ಟೆ. (ಈ ವಿಷಯದಲ್ಲಿ ಹೊರನಾಡ ಕನ್ನಡಿಗರೆಲ್ಲ ಆ ರಾಕ್ಷಸನ ಕುಲದವರೇ. ದೇಹ ಡೊಂಬಿವಲಿಯಲ್ಲಿ, ಪ್ರಾಣ ಊರಿನ ತೆಂಗಿನ ತೋಟದಲ್ಲಿ.) ಸರಿ, ಒಪ್ಪೋಣ. ಆದರೆ ಇದೇ ನೆಲದಲ್ಲಿ ಬುದ್ಧ ಆತ್ಮವೆಂಬ ಸ್ಥಿರ ವಸ್ತುವೇ ಇಲ್ಲವೆಂದ. ರೋಬೋಟಿಗೆ ಮಾತ್ರ ಇಲ್ಲವೆನ್ನಲಿಲ್ಲ, ರಾಜನಿಗೂ ಇಲ್ಲವೆಂದ. ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟ: ಗಾಲಿಯೇ ರಥವೋ, ಅಚ್ಚೇ ರಥವೋ, ನೊಗವೇ ರಥವೋ? ಹಾಗೆ ಹೇಳಿದವರ ಕರುಣೆಗೇನು ಕೊರತೆಯಾಗಲಿಲ್ಲ. ಆತ್ಮ ಎಲ್ಲರಿಗೂ ಇದೆಯೆಂದವರು, ಯಾರಿಗೂ ಇಲ್ಲವೆಂದವರು, ಇಬ್ಬರಿಂದಲೂ ಅಪಾಯವಿಲ್ಲ. ಅಪಾಯವಿರುವುದು ನನಗಿದೆ ನಿನಗಿಲ್ಲ ಎನ್ನುವವನಿಂದ.

ಕನ್ನಡದ ನಾಟಕವೊಂದನ್ನೂ ನೆನೆಯಬೇಕು. ಗಿರೀಶ ಕಾರ್ನಾಡರ 'ಹಯವದನ' 1971ರದು. ಅದರಲ್ಲಿ ಉಜ್ಜಯಿನಿಯ ಜಾತ್ರೆಯಿಂದ ಮಗುವಿಗೆಂದು ತಂದ ಎರಡು ಗೊಂಬೆಗಳಿವೆ, ಮಾತಾಡುವ ಗೊಂಬೆಗಳು. ಗಂಡ ಹೆಂಡಿರು ಪರಸ್ಪರ ಮುಚ್ಚಿಟ್ಟುಕೊಂಡ ಗುಟ್ಟು, ಪದ್ಮಿನಿಯ ಕನಸಿನಲ್ಲಿ ಬರುವವನು ಯಾರೆಂಬ ಸತ್ಯ ಆ ಮನೆಯಲ್ಲಿ ಗೊತ್ತಿರುವುದು ಗೊಂಬೆಗಳಿಗೆ ಮಾತ್ರ. ಕೊನೆಗೆ ಗೊಂಬೆಗಳು ಹರಿದಿವೆ, ಹೊಸವು ತನ್ನಿ ಎಂದು ಪದ್ಮಿನಿ ಗಂಡನನ್ನು ಜಾತ್ರೆಗೆ ಕಳಿಸುತ್ತಾಳೆ. ಈ ಗೊಂಬೆಗಳನ್ನು ಪಶ್ಚಿಮದವೆಂದು ಹೊರಗೆ ಹಾಕುತ್ತೀರೋ?

ವಿಜ್ಞಾನ ಓದಿದವರಲ್ಲವೆ, ನೀವೇ ಹೇಳಿ, ಆತ್ಮವಿದೆಯೋ ಇಲ್ಲವೋ ಎಂದು ಕೆಲವರು ನಮ್ಮನ್ನು ಕೆಣಕುತ್ತಾರೆ. ತೂಗಿ ನೋಡಿದವರೂ ಇದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯ ಸಾಯುವ ರೋಗಿಗಳನ್ನು ಮಂಚಸಮೇತ ತಕ್ಕಡಿಯ ಮೇಲಿಟ್ಟು ತೂಗಿ 1907ರಲ್ಲಿ ವರದಿ ಬರೆದ. ಆರು ರೋಗಿಗಳು. ಒಬ್ಬನಲ್ಲಿ ಸುಮಾರು 21 ಗ್ರಾಂ ಕಡಿಮೆಯಾಯಿತಂತೆ. ಮಿಕ್ಕವರ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ಆಮೇಲೆ 15 ನಾಯಿಗಳನ್ನು ತೂಗಿದ, ಏನೂ ಇಳಿಯಲಿಲ್ಲ. ಆದುದರಿಂದ ನಾಯಿಗೆ ಆತ್ಮವಿಲ್ಲ! ಬಿ.ಎಸ್‌ಸಿ. ಮೊದಲ ವರ್ಷದ ಪ್ರಾಕ್ಟಿಕಲ್ ಪುಸ್ತಕದಲ್ಲಿ ಇಂಥ ತೀರ್ಮಾನ ಬರೆದರೆ ಕೆಂಪು ಮಸಿಯಲ್ಲಿ ಅಡ್ಡಗೆರೆ ಬೀಳುತ್ತಿತ್ತು. ತೂಕಕ್ಕೆ ಸಿಗದ್ದರ ಬಗ್ಗೆ ನಾವು ಬಾಯಿ ಹಾಕುವುದಿಲ್ಲ. ನೋವಿನ ವಿಷಯ ಹಾಗಲ್ಲ, ಅದು ಎದುರಿಗೇ ಕಾಣುತ್ತದೆ.

ಗುಮಾಸ್ತರ ಮೇಲೂ ಇದೇ ಆರೋಪವಿದೆಯೆಂಬುದನ್ನು ಓದುಗರು ಮರೆತಿರಲಾರರು. ಕಿಟಕಿಯ ಆಚೆ ನಿಂತವರಿಗೆ ನಾವು ಆತ್ಮವಿಲ್ಲದ ಯಂತ್ರಗಳು. ನವೆಂಬರ್ ಬಂತೆಂದರೆ ಪಿಂಚಣಿದಾರರಾದ ಹಿರಿಯರು ಬದುಕಿರುವುದಕ್ಕೆ ಪ್ರಮಾಣಪತ್ರ ಕೊಡಬೇಕು. ಬೆರಳಿನ ರೇಖೆ ಸವೆದು ಯಂತ್ರ ಒಪ್ಪದಿದ್ದರೆ ಬೈಗುಳ ನಮಗೆ. ಅವರ ಸಿಟ್ಟು ನ್ಯಾಯವಾದದ್ದೇ. ಜೀವವಿದೆಯೆಂಬುದಕ್ಕೆ ಸರ್ಕಾರದಲ್ಲಿ ನಮೂನೆಯಿದೆ, ಆತ್ಮವಿದೆಯೆಂಬುದಕ್ಕೆ ಇನ್ನೂ ಅಚ್ಚಾಗಿಲ್ಲ, ಎರಡು ಕಡೆಯವರಿಗೂ.

ಈಗ ಕಟ್ಟಡದ ವಿಷಯ. ಸರ್ವಭೂತಗಳಲ್ಲೂ ಒಂದೇ ಆತ್ಮವೆಂದು ಭಾನುವಾರ ಪ್ರವಚನ ಕೇಳಿ ಬರುತ್ತೇವೆ. ಸೋಮವಾರ ಬಾಯಿ ಬಂದು ಪಾತ್ರೆ ತೊಳೆದು, ನೆಲ ಒರೆಸಿ, ಚಹಾ ಕುಡಿಯುತ್ತಾಳೆ. ಅವಳ ಲೋಟ ಬೇರೆ. ಸಿಂಕಿನ ಕೆಳಗೆ ಅಥವಾ ಬಾಲ್ಕನಿಯ ಮೂಲೆಯಲ್ಲಿ ಅದರ ಸ್ಥಾನ. ಕುರ್ಚಿ ಖಾಲಿಯಿದ್ದರೂ ಅವಳು ನೆಲದ ಮೇಲೆ. ಸೊಸೈಟಿಗಳಲ್ಲಿ ಅವಳಿಗೂ ಸಾಮಾನು ತರುವ ಹುಡುಗರಿಗೂ ಬೇರೆ ಲಿಫ್ಟು, ಅದರ ಮೇಲೆ ಬೋರ್ಡು. ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಬೇಗಾರಿಯನ್ನು ನಿಷೇಧಿಸಿದೆ, ಜೀತ ರದ್ದಿಯಾತಿ ಕಾಯಿದೆ 1976ರಲ್ಲೇ ಬಂದಿದೆ. ಲೋಟದ ಬಗ್ಗೆ ಯಾವ ಕಾಯಿದೆಯೂ ಇಲ್ಲ. ಅದು ಮನೆಯವರಿಗೇ ಬಿಟ್ಟದ್ದು, ಮಕ್ಕಳು ನೋಡುತ್ತಿರುತ್ತಾರೆ. ಅವರ ಮನಸ್ಸು ಕಲ್ಲಾಗುವುದು ಯಾವ ಪುಸ್ತಕದಿಂದ ಎಂದು ವಾಚನಾಲಯದ ಕಪಾಟಿನಲ್ಲಿ ಹುಡುಕುವ ಮೊದಲು ಸಿಂಕಿನ ಕೆಳಗೆ ಹುಡುಕಬಾರದೇ?

ಈ ನಗರದಲ್ಲಿ ಕನ್ನಡ ಸಂಘ, ಕನ್ನಡ ರಾತ್ರಿಶಾಲೆ ಎಂದು ಏನೇನು ಬೆಳೆಯಿತೋ ಅದರ ಬುಡದಲ್ಲಿ ಹೋಟೆಲಿನ ಹುಡುಗರಿದ್ದಾರೆ. ಹಗಲೆಲ್ಲ ಕಪ್ಪು ಬಸಿ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಓದಿ ಮೇಲೆ ಬಂದವರು. ಗಿರಾಕಿಗಳಿಗೆ ಅವರು 'ಪೋರ್ಯಾ'. ಹತ್ತು ಹುಡುಗರಿದ್ದರೆ ಹತ್ತೂ ಪೋರ್ಯಾ. ಮೇರಿ ಶೆಲ್ಲಿಯ ದೈತ್ಯನಿಗಾದರೂ ಅನಾಮಿಕತೆ ಒಬ್ಬನದೇ ಸ್ವತ್ತಾಗಿತ್ತು. ಅಂಥವರು ಕಟ್ಟಿದ ಸಂಘಗಳಲ್ಲಿ ನಿಂತು, ಬಿಟ್ಟಿಯಾಳಿನ ನಾಟಕ ನಮ್ಮ ಮಕ್ಕಳಿಗೆ ಹೊಂದುವುದಿಲ್ಲ ಎಂದರೆ ನಾವು ಸುಮ್ಮನಿರುವುದು ಹೇಗೆ?

ಮಾತಾಡುವ ಯಂತ್ರಗಳು ಈಗ ನಿಜವಾಗಿಯೇ ಬಂದಿವೆ, ಕೇಳಿದರೆ ಕಾಗದವನ್ನೂ ಬರೆದುಕೊಡುತ್ತವೆ. ಅವಕ್ಕೆ ಆತ್ಮವಿದೆಯೆನ್ನಲು ಕೆಲವರಿಗೆ ಆತುರ, ಇಲ್ಲವೆನ್ನಲು ಕೆಲವರಿಗೆ. ನಾವು ಎರಡು ಪಂಗಡಕ್ಕೂ ಸೇರುವುದಿಲ್ಲ. ಆದರೆ ಆ ಯಂತ್ರಕ್ಕೆ ಪಾಠ ಕಲಿಸಲು ಸಾವಿರಾರು ಚಿತ್ರಗಳಿಗೆ ಹೆಸರು ಹಚ್ಚುವ, ಓದಬಾರದ ಹೊಲಸನ್ನು ಓದಿ ಬೇರ್ಪಡಿಸುವ ಕೂಲಿಗಳು ಕೀನ್ಯಾದಲ್ಲಿದ್ದಾರೆ, ನಮ್ಮ ದೇಶದಲ್ಲೂ ಇದ್ದಾರೆ. ಯಂತ್ರದ ಆತ್ಮದ ಬಗ್ಗೆ ನಡೆಯುವ ಚರ್ಚೆಯಲ್ಲಿ ಅವರ ಸಂಬಳದ ಮಾತು ಬರುವುದು ಅಪರೂಪ. ಸುಲ್ಲಾ ಟೈಪು ಮಾಡುತ್ತಲೇ ಇದ್ದಾಳೆ.

ಆಡಳಿತ ಮಂಡಳಿಯವರಲ್ಲಿ ನಮ್ಮ ಕೋರಿಕೆ ಸಣ್ಣದು. ಕಪಾಟಿನಿಂದ ತೆಗೆದಿಟ್ಟ ಪುಸ್ತಕಗಳನ್ನು ಮತ್ತೆ ಕಪಾಟಿನಲ್ಲಿಡಿ. 'ಆರ್.ಯು.ಆರ್.'ನ ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ. ಸದಸ್ಯರಲ್ಲಿ ಯಾರಾದರೂ ಮೊದಲ ದೃಶ್ಯವನ್ನಾದರೂ ಆಡುಗನ್ನಡಕ್ಕೆ ತಂದರೆ ಒಂದು ಸಂಜೆ ಕೂತು ಓದಬಹುದು. ಪ್ರತಿ ತೆಗೆಯುವ ಖರ್ಚು, ಟೈಪಿಂಗು ನಮ್ಮದು.